ಡೆಮೊ ಕೇಳಿ ಯಾರೂ ನಗುವುದಿಲ್ಲ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಂಗೀತ ಶಿಕ್ಷಕಿ. ವಯಸ್ಸು 46. ನಾನೇ ರಾಗ ಹಾಕಿಕೊಂಡು ಹಾಡುತ್ತ ಬಂದ ಐದು ಹಾಡುಗಳಿವೆ: ಬೇಂದ್ರೆಯವರ ಎರಡು ಕವಿತೆ, ಕೆ.ಎಸ್. ನರಸಿಂಹಸ್ವಾಮಿಯವರದೊಂದು, ಶಿಶುನಾಳ ಶರೀಫರ ತತ್ತ್ವಪದವೊಂದು, ಇನ್ನೊಂದು ನನ್ನದೇ ರಚನೆ. ಸಂಬಳದಲ್ಲಿ ಉಳಿಸಿದ ಹಣದಿಂದ ಹುಬ್ಬಳ್ಳಿಯ ಸ್ಟುಡಿಯೋ ಒಂದನ್ನು ಎರಡು ದಿನಕ್ಕೆ ಗೊತ್ತುಮಾಡಿದ್ದೇನೆ. ಮೊದಲು ಡೆಮೊ ಮಾಡಿ ಕಳಿಸಿ ಅಂದರು. ಫೋನಿನಲ್ಲಿ ಹಾಡಿ ಕೇಳಿದರೆ ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅಷ್ಟು ಕೀರಲು. ಅಳಿಸಿಬಿಟ್ಟೆ. ಇಂಥದ್ದನ್ನು ಕೇಳಿಸಿಕೊಂಡ ವಾದ್ಯದವರ ಎದುರು ಹೇಗೆ ನಿಲ್ಲಲಿ? ಡೆಮೊ ಬಿಟ್ಟು ನೇರವಾಗಿ ಹೋದರೆ ಆಗದೇ?

ಉತ್ತರ: ಸೋದರಿ, ಡೆಮೊ ಬಿಟ್ಟು ಹೋಗಬೇಡಿ. ಎರಡು ದಿನದಲ್ಲಿ ಐದು ಹಾಡು ಮುಗಿಸಬೇಕಾದವರಿಗೆ ಅದಿಲ್ಲದೆ ನಡೆಯುವುದಿಲ್ಲ.

ಮೊದಲು ನಿಮ್ಮ ದನಿಯ ಮಾತು. ನಾವು ಹಾಡುವಾಗ ನಮ್ಮ ದನಿ ಗಾಳಿಯಿಂದ ಮಾತ್ರವಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ಒಳಗಿವಿಗೆ ಮುಟ್ಟುತ್ತದೆ. ತಗ್ಗಿನ ನಾದವನ್ನು ಮೂಳೆ ಚೆನ್ನಾಗಿ ಸಾಗಿಸುತ್ತದೆ. ಅದಕ್ಕೇ ನಮ್ಮ ದನಿ ನಮಗೆ ತುಂಬಿಕೊಂಡಂತೆ ಕೇಳುತ್ತದೆ. ಫೋನಿನ ಮೈಕಿಗೆ ಸಿಗುವುದು ಗಾಳಿಯಲ್ಲಿ ಬಂದದ್ದಷ್ಟೇ. ಮತ್ತೆ ಅದನ್ನು ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಿದರೆ ಇದ್ದ ತಗ್ಗಿನ ನಾದವೂ ಉಳಿಯುವುದಿಲ್ಲ. ನಿಮ್ಮ ಶಾಲೆಯ ಮಕ್ಕಳು ಇಷ್ಟು ವರ್ಷ ಕೇಳಿದ್ದು, ಮೆಚ್ಚಿದ್ದು ಆ ಗಾಳಿಯಲ್ಲಿ ಬಂದ ದನಿಯನ್ನೇ. ಹಾಡಿದ ಕೂಡಲೇ ಕೇಳಬೇಡಿ. ಒಂದೆರಡು ದಿನ ಬಿಟ್ಟು, ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಕೇಳಿ.

ಇನ್ನು ವಾದ್ಯದವರ ಮಾತು. ಗಾಯಕ ಪಿ. ಕಾಳಿಂಗರಾಯರು ಗ್ರಾಮಫೋನ್ ತಟ್ಟೆಗೆ ಹಾಡುತ್ತಿದ್ದ ಕಾಲದಲ್ಲಿ ಹಾಡುವವರು, ನುಡಿಸುವವರು ಒಟ್ಟಿಗೆ ಕೂತು ಒಂದೇ ಸಲಕ್ಕೆ ಮುಗಿಸಬೇಕಿತ್ತು. ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಏನು ತಿದ್ದುವುದಿದ್ದರೂ ತಾಲೀಮಿನಲ್ಲೇ ತಿದ್ದಿಕೊಳ್ಳುತ್ತಿದ್ದರು, ಎಲ್ಲರೂ ಎದುರೆದುರೇ ಇರುತ್ತಿದ್ದರು. ಈಗ ಹಾಗಲ್ಲ. ತಬಲಾ ಒಂದು ಹೊತ್ತು, ಕೊಳಲು ಇನ್ನೊಂದು ಹೊತ್ತು, ಪಿಟೀಲು ಬೇರೆ ಊರಿನಿಂದಲೂ ಬರಬಹುದು. ಕೊಳಲಿನವರು ನುಡಿಸುವಾಗ ನೀವು ತರಗತಿಯಲ್ಲಿ ಪಾಠ ಮಾಡುತ್ತಿರಬಹುದು. ಅವರ ಕಿವಿಯಲ್ಲಿ ನಿಮ್ಮ ಪರವಾಗಿ ಮಾತಾಡುವುದು ಆ ಡೆಮೊ ಒಂದೇ. ಚಿತ್ರರಂಗದಲ್ಲಿ ಟ್ರ್ಯಾಕ್ ಹಾಡುವವರು ಅಂತಲೇ ಇರುವುದು ಇದಕ್ಕಾಗಿ. ಅವರು ಮೊದಲು ಹಾಡಿಟ್ಟ ಮೇಲೆ ಹೆಸರಾಂತ ಗಾಯಕರು ಬಂದು ಆ ಜಾಗದಲ್ಲಿ ಹಾಡಿಹೋಗುತ್ತಾರೆ. ಆದ್ದರಿಂದ ವಾದ್ಯದವರು ನಿಮ್ಮ ಡೆಮೊದಲ್ಲಿ ಕಂಠಮಾಧುರ್ಯ ಅಳೆಯುವುದಿಲ್ಲ. ಶ್ರುತಿ ಯಾವುದು, ತಾಳ ಯಾವುದು, ಪಲ್ಲವಿ ಎಷ್ಟು ಸಲ, ನಾವು ನುಡಿಸುವ ಜಾಗ ಎಲ್ಲಿ ಎಂದಷ್ಟೇ ನೋಡುತ್ತಾರೆ. ಇವು ಗೊತ್ತಾಗದಿದ್ದರೆ ಅವರಿಗೆ ಕಿರಿಕಿರಿ. ದನಿ ಒರಟಾಗಿದ್ದರೆ ಅಲ್ಲ.

ಇವುಗಳಲ್ಲಿ ಅತಿ ದುಬಾರಿಯಾಗುವ ತಪ್ಪು ಶ್ರುತಿಯದು. ಪಿಟೀಲು, ಕೊಳಲು ಮುಗಿದ ಮೇಲೆ ಚರಣದ ಮೇಲಿನ ಸ್ವರ ನಿಮಗೆ ಎಟುಕುವುದಿಲ್ಲ ಎಂದು ಗೊತ್ತಾದರೆ ಅವರನ್ನೆಲ್ಲ ಮತ್ತೆ ಕರೆಸಬೇಕು. ಕಂಪ್ಯೂಟರಿನಲ್ಲಿ ಅರ್ಧ ಮನೆ ಇಳಿಸಬಹುದು ನಿಜ, ವಾದ್ಯದ ಸಹಜ ನಾದ ಮಾತ್ರ ಕೆಡುತ್ತದೆ. ಆದ್ದರಿಂದ ಒಂದೇ ಚರಣವನ್ನು ಕಪ್ಪು ನಾಲ್ಕರಲ್ಲಿ, ಬಿಳಿ ಆರರಲ್ಲಿ, ಕಪ್ಪು ಐದರಲ್ಲಿ ಹಾಡಿ ರೆಕಾರ್ಡ್ ಮಾಡಿ. ಮೇಲಿನ ಸ್ವರವನ್ನಷ್ಟೇ ನೋಡಿಕೊಂಡು ತೀರ್ಮಾನಿಸಬೇಡಿ. ಪಲ್ಲವಿ ಮಂದ್ರಕ್ಕೆ ಇಳಿಯುವಲ್ಲಿ ಮಾತು ನುಂಗಿಹೋಗುತ್ತದೆಯೇ ಎಂದೂ ಗಮನಿಸಿ. ದಿನವಿಡೀ ಮಕ್ಕಳಿಗೆ ಪಾಠ ಹೇಳಿ ದಣಿದ ಸಂಜೆ ಒಮ್ಮೆ, ರಜೆಯ ಬೆಳಿಗ್ಗೆ ಒಮ್ಮೆ ಹಾಡಿ. ಎರಡೂ ಹೊತ್ತಿಗೆ ಒಗ್ಗುವುದೇ ನಿಮ್ಮ ಶ್ರುತಿ. ಮನೆಯ ಹಾರ್ಮೋನಿಯಂ ಹಳೆಯದಾದರೆ ಅದನ್ನು ನಂಬಬೇಡಿ. ಹಳೆಯ ರೀಡುಗಳು ಶ್ರುತಿ ಬಿಟ್ಟು ಕೊಂಚ ಆಚೀಚೆ ಆಗಿರುತ್ತವೆ, ಸ್ಟುಡಿಯೋದ ಕೀಬೋರ್ಡಿಗೆ ಹೊಂದುವುದಿಲ್ಲ. ಫೋನಿನ ತಂಬೂರಿ ಆ್ಯಪ್ ಇಟ್ಟುಕೊಂಡು ಹಾಡುವುದೇ ಮೇಲು. ಗೊತ್ತಾದ ಶ್ರುತಿಯನ್ನು ಮೊದಲೇ ತಿಳಿಸಿ. ಕೊಳಲಿನವರು ಆ ಶ್ರುತಿಗೆ ಬೇಕಾದ ಕೊಳಲನ್ನೂ ತಬಲಾದವರು ಅದಕ್ಕೆ ಕೂಡುವ ದಾಯಾವನ್ನೂ ತರಬೇಕಾಗುತ್ತದೆ.

ಇನ್ನು ಲಯ. ಹೆದರಿದ ಗಂಟಲು ಓಡುತ್ತದೆ. ಸ್ಟುಡಿಯೋದ ಗಾಜಿನಾಚೆ ಜನ ಕೂತಿರುವಾಗ ಕೆಹರವಾ ತಾಳ ತನಗೆ ತಾನೇ ಜೋರಾಗುತ್ತದೆ. ಮನೆಯಲ್ಲಿ ನೆಮ್ಮದಿಯಿಂದ ಹಾಡಿದಾಗಿನ ನಡೆಯನ್ನು ಮೆಟ್ರೊನೋಮ್ ಆ್ಯಪಿಗೆ ಹೊಂದಿಸಿ, ನಿಮಿಷಕ್ಕೆ ಎಷ್ಟು ಏಟು ಎಂಬ ಸಂಖ್ಯೆಯನ್ನು ಸಾಹಿತ್ಯದ ಹಾಳೆಯ ತಲೆಗೆ ಬರೆದಿಡಿ. ಸ್ಟುಡಿಯೋದಲ್ಲಿ ಕ್ಲಿಕ್, ಅಂದರೆ ಮೆಟ್ರೊನೋಮಿನ ಏಟು, ಹಾಕುವಾಗ ಆ ಸಂಖ್ಯೆಯನ್ನು ಧೈರ್ಯವಾಗಿ ಹೇಳಿ.

ರೆಕಾರ್ಡ್ ಮಾಡುವುದು ಕಷ್ಟವಿಲ್ಲ. ಹಾಸಿಗೆ, ಬಟ್ಟೆಗಳು ತುಂಬಿದ ಕೋಣೆ ಆರಿಸಿ. ಬರಿಯ ಗೋಡೆಯ ಪಡಸಾಲೆಯಲ್ಲಿ ದನಿ ಗುಂಯ್ ಅನ್ನುತ್ತದೆ. ಬಾಗಿಲಿಗೊಂದು ಕೌದಿ ಇಳಿಬಿಡಿ, ಫ್ಯಾನ್ ಆರಿಸಿ. ಒಂದು ಫೋನಿನಿಂದ ತಂಬೂರಿ ಮತ್ತು ಕ್ಲಿಕ್ ಕಿವಿಗೆ ಬರಲಿ, ಇನ್ನೊಂದು ಫೋನ್ ಒಂದೂವರೆ ಗೇಣು ದೂರದಲ್ಲಿದ್ದು ಹಾಡನ್ನು ಹಿಡಿಯಲಿ. ಇಯರ್‌ಫೋನ್ ವೈರಿನದೇ ಇರಲಿ, ಬ್ಲೂಟೂತಿನದು ಶಬ್ದವನ್ನು ತಡವಾಗಿ ಮುಟ್ಟಿಸುವುದರಿಂದ ತಾಳ ಹಿಂದೆ ಬೀಳುತ್ತದೆ. ಎತ್ತುಗಡೆಗೆ ಮೊದಲು ಒಂದು ಆವರ್ತನ ಕೈತಾಳ ಹಾಕಿ. ನಡುವೆ ವಾದ್ಯ ನುಡಿಯಬೇಕಾದಲ್ಲಿ ಸುಮ್ಮನಿರದೆ, ನಿಮ್ಮ ಮನಸ್ಸಿನಲ್ಲಿರುವುದನ್ನು ಗುನುಗಿ. ಎಷ್ಟೋ ಸಲ ಆ ಗುನುಗೇ ಪಿಟೀಲಿನ ಸ್ವರವಾಗಿ ನಿಲ್ಲುತ್ತದೆ.

ಭಾವಗೀತೆ ಹಾಡುವವರಿಗೆ ಡೆಮೊದಿಂದ ಆಗುವ ನಿಜವಾದ ಲಾಭ ಮಾತಿನದು ಎಂದು ನಾನು ನಂಬಿದ್ದೇನೆ. ನಮ್ಮ ಸುಗಮ ಸಂಗೀತದಲ್ಲಿ ರಾಗ ಇರುವುದು ಕವಿತೆಯನ್ನು ಹೊರುವುದಕ್ಕೆ. ಬೇಂದ್ರೆಯವರ ಕವಿತೆಯಲ್ಲಿ ಉಸಿರು ತಪ್ಪಿದಲ್ಲಿ ನಿಂತರೆ ಪದ ಒಡೆಯುತ್ತದೆ, ಅರ್ಥ ಎತ್ತಲೋ ಹೋಗುತ್ತದೆ. ಹಾಡುತ್ತಿರುವವರಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಸಾಲು ಅವರಿಗೆ ಬಾಯಿಪಾಠ. ಆ ಕವಿತೆ ಓದಿರದ ಒಬ್ಬರಿಗೆ ಡೆಮೊ ಕೇಳಿಸಿ, ಕೇಳಿದ್ದನ್ನು ಕಾಗದದಲ್ಲಿ ಬರೆಯಲು ಹೇಳಿ. ನಿಮ್ಮ ಹತ್ತನೆಯ ತರಗತಿಯ ಮಕ್ಕಳೇ ಆಗಬಹುದು. ಅವರು ತಪ್ಪು ಬರೆದ ಕಡೆಯೆಲ್ಲ ನೀವು ಉಸಿರಿನ ಜಾಗ ಬದಲಿಸಬೇಕು, ಇಲ್ಲವೇ ರಾಗವನ್ನೇ ಸ್ವಲ್ಪ ಸಡಿಲಿಸಬೇಕು. ಇದನ್ನು ಗಂಟೆ ಲೆಕ್ಕದಲ್ಲಿ ಹಣ ತೆರುವ ಕೋಣೆಯಲ್ಲಿ ಮಾಡಲಾಗದು.

ಅಳಿಸಿಬಿಟ್ಟೆ ಎಂದು ಬರೆದಿರಲ್ಲ, ಅದನ್ನು ಓದಿ ನನಗೆ ಬೇಸರವಾಯಿತು. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರವೊಂದರಲ್ಲಿ ಕೆಲವು ಹಾಡುಗಳನ್ನು ಡೆಮೊ ಎಂದೇ ಹಾಡಿಟ್ಟರು. ಆಮೇಲೆ ತಂಡದೊಡನೆ ಸ್ಟುಡಿಯೋದಲ್ಲಿ ಅವನ್ನು ಮತ್ತೆ ಮಾಡಿ ನೋಡಿದರೂ ಮನೆಯಲ್ಲಿ ಹುಟ್ಟಿದ ಭಾವ ಬರಲಿಲ್ಲ. ಕಡೆಗೆ ಆ ಕ್ಯಾಸೆಟ್ಟನ್ನೇ 'ನೆಬ್ರಾಸ್ಕ' ಎಂಬ ಆಲ್ಬಂ ಆಗಿ ಹೊರತಂದರು. ನಿಮ್ಮ ಡೆಮೊ ಆಲ್ಬಂ ಆಗಲಿ ಎಂದಲ್ಲ. ಯಾವ ಆಲಾಪ ಯಾವ ಗಳಿಗೆಯಲ್ಲಿ ಸಹಜವಾಗಿ ಬಂದೀತೋ ಹೇಳಲಾಗದು, ಅದನ್ನು ಮರಳಿ ಹುಡುಕಲು ಕಡತ ಉಳಿದಿರಬೇಕು. ದಿನಾಂಕ ಹಾಕಿ ಎಲ್ಲವನ್ನೂ ಇಟ್ಟುಕೊಳ್ಳಿ. ಆದರೆ ಸ್ಟುಡಿಯೋದಲ್ಲಿ ವಾದ್ಯದವರು ನಿಮ್ಮ ಗುನುಗಿಗಿಂತ ಒಳ್ಳೆಯದನ್ನು ತೋರಿಸಿದರೆ ಮನಸ್ಸು ಗಟ್ಟಿ ಮಾಡಿ ಡೆಮೊ ಬಿಟ್ಟುಕೊಡಿ.

ನೀವು ಕೇಳದ ಇನ್ನೊಂದು ವಿಷಯ ಹೇಳಲೇಬೇಕು. ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಅವರ ಬರಹದ ಮೇಲೆ ಹಕ್ಕು ಇರುತ್ತದೆ. ಬೇಂದ್ರೆಯವರು 1981ರಲ್ಲಿ ತೀರಿಕೊಂಡವರು, ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ಅನುಮತಿ ಬೇಕು. 2003ರಲ್ಲಿ ತೀರಿಕೊಂಡ ನರಸಿಂಹಸ್ವಾಮಿಯವರದಕ್ಕೆ 2063ರ ಕೊನೆಯವರೆಗೆ. 1889ರಲ್ಲಿ ಕಣ್ಮುಚ್ಚಿದ ಶರೀಫರ ತತ್ತ್ವಪದಕ್ಕೆ ಅಡ್ಡಿಯಿಲ್ಲ. ಹಕ್ಕು ಯಾರಲ್ಲಿದೆ ಎಂದು ಪುಸ್ತಕದ ಪ್ರಕಾಶಕರನ್ನು ವಿಚಾರಿಸಿ, ಡೆಮೊ ಜೊತೆಗಿಟ್ಟು ಈ ವಾರವೇ ಪತ್ರ ಬರೆಯಿರಿ. ಬರಹದಲ್ಲಿ ಒಪ್ಪಿಗೆ ಬರುವವರೆಗೆ ಆ ಮೂರು ಹಾಡುಗಳ ಕೆಲಸ ತಡೆಹಿಡಿದು, ಶರೀಫರ ಪದದಿಂದ ಮತ್ತು ನಿಮ್ಮ ಸ್ವಂತ ಹಾಡಿನಿಂದ ಆರಂಭಿಸಿ.