ಎಲ್ ಅನ್ನಬೇಕೋ, ಲಾ ಅನ್ನಬೇಕೋ?

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ನ ಹೋಟೆಲ್ ಅಡುಗೆಮನೆಗಳಲ್ಲಿ, ಕಟ್ಟಡದ ಕೆಲಸದಲ್ಲಿ ಪಕ್ಕದಲ್ಲಿರೋರು ಬಹಳ ಸಲ ಸ್ಪ್ಯಾನಿಷ್ ಮಾತಾಡೋರೇ. ನಮಗೆ ಮೇಜೂ ‘ಅದು’, ಚಾಕೂ ‘ಅದು’. ಅವರಿಗೆ ಹಾಗಲ್ಲ. ಮೇಜು ಸ್ತ್ರೀಲಿಂಗ, ಲಾ ಮೆಸಾ. ಚಾಕು ಪುಲ್ಲಿಂಗ, ಎಲ್ ಕುಚಿಯೋ. ಪದದ ಕೊನೆಗೆ ‘ಓ’ ಬಂದರೆ ಸಾಮಾನ್ಯವಾಗಿ ಎಲ್, ‘ಆ’ ಬಂದರೆ ಲಾ. ಆದರೆ ಕೈ ನೋಡಿ, ಲಾ ಮಾನೋ! ಲ್ಯಾಟಿನ್ನಿನಿಂದ ಹಾಗೇ ಬಂದದ್ದು. ಅದಕ್ಕೇ ಪದವನ್ನು ಎಲ್ ಅಥವಾ ಲಾ ಜೊತೆಗೇ ಬಾಯಿಪಾಠ ಮಾಡಿ. ತಪ್ಪಿದರೂ ಅವರಿಗೆ ಹೆಚ್ಚಾಗಿ ಅರ್ಥ ಆಗುತ್ತೆ. ಕೆಲವು ಕಡೆ ಮಾತ್ರ ಅರ್ಥವೇ ಬೇರೆ: ಲಾ ಓರ್ದೆನ್ ಅಂದರೆ ಗಿರಾಕಿಯ ಆರ್ಡರ್, ಎಲ್ ಓರ್ದೆನ್ ಅಂದರೆ ಕ್ರಮ. ಮಿಷನ್ ಹತ್ತಿರ ಯಾರಾದರೂ ‘ಲಾ ಮಾನೋ!’ ಅಂತ ಕೂಗಿದರೆ ವ್ಯಾಕರಣ ಆಮೇಲೆ, ಮೊದಲು ಕೈ ಹಿಂದಕ್ಕೆ ಎಳ್ಕೊಳ್ಳಿ.