ಟಸ್ಕನಿಯ ಏರುಗಳು ಕಲಿಸಿದ ಸರಾಸರಿಯ ಪಾಠ



ನಮ್ಮ ಮೊದಲ ಕಿರುಪರೀಕ್ಷೆಯ ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲಿ ಬಂದ ಒಂದು ಪ್ರಶ್ನೆ ನಿಮಗೆ ನೆನಪಿರಬಹುದು. ಒಬ್ಬ ಸೈಕಲ್ ಸವಾರ 10 ಕಿ.ಮೀ. ಏರನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತುತ್ತಾನೆ. ಅದೇ ದಾರಿಯನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ಇಳಿಯುತ್ತಾನೆ. ಅವನ ಸರಾಸರಿ ವೇಗ ಎಷ್ಟು? ನಾನು 10 ಮತ್ತು 40 ಕೂಡಿಸಿ, ಎರಡರಿಂದ ಭಾಗಿಸಿ, 25 ಎಂದು ಬರೆದು ಧೈರ್ಯವಾಗಿ ಕೆಳಗೆ ಗೆರೆ ಎಳೆದೆ. ಆ ಪ್ರಶ್ನೆಗೆ ನನಗೆ ಸೊನ್ನೆ ಬಂತು.

ಸೊನ್ನೆಗಿಂತ ಹೆಚ್ಚು ನೋವಾದದ್ದು ಬೇರೆ ಕಾರಣಕ್ಕೆ. ಇದೇ ತಪ್ಪು ಲೆಕ್ಕವನ್ನು ನಾನು ಜೂನ್ ತಿಂಗಳಲ್ಲಿ ನನ್ನ ಅಬ್ಬಾ ಅವರ ಮುಂದೆಯೂ ಹೇಳಿದ್ದೆ. ಅಬ್ಬಾ ಬೇಕರಿಯಿಂದ ಬ್ರೆಡ್, ಬನ್ನು ತೆಗೆದುಕೊಂಡು ಸೈಕಲ್ಲಿನಲ್ಲಿ ಅಂಗಡಿಗಳಿಗೆ ಹಾಕುತ್ತಾರೆ. ಅವರ ದಾರಿಯಲ್ಲಿ ಒಂದು ಉದ್ದನೆಯ ಏರು ಇದೆ. ಶುಲ್ಕ ಕಟ್ಟುವ ಕೊನೆಯ ದಿನ ಅವರು ಹಣ ತರುವುದು ತಡವಾಯಿತು. ಕೌಂಟರ್ ಮುಚ್ಚುವ ಹೊತ್ತಿಗೆ ಬೆವರಿಳಿಸಿಕೊಂಡು ಬಂದರು. ನಾನು ನಾಲ್ಕು ಜನರ ಮುಂದೆಯೇ, "ಹತ್ತುವಾಗ ತಡವಾದರೆ ಇಳಿಯುವಾಗ ಜೋರಾಗಿ ಬರಬಹುದಿತ್ತಲ್ಲ ಅಬ್ಬಾ, ಸರಿಹೋಗ್ತಿತ್ತು" ಎಂದುಬಿಟ್ಟೆ. ನಮ್ಮ ಮನೆಯಲ್ಲಿ ಏರಿಗೆ ಚಢಾವ್, ಇಳಿಜಾರಿಗೆ ಉತಾರ್ ಎನ್ನುತ್ತೇವೆ. ಅಬ್ಬಾ ಸಿಟ್ಟು ಮಾಡಲಿಲ್ಲ. "ಚಢಾವ್‌ನಲ್ಲಿ ಹೋದ ಟೈಮು ಉತಾರ್‌ನಲ್ಲಿ ವಾಪಸ್ ಬರಲ್ಲ ಬೇಟಾ" ಎಂದರು, ಅಷ್ಟೇ.

ಅವರ ಮಾತು ಸರಿ, ನನ್ನ ಲೆಕ್ಕ ತಪ್ಪು ಎಂದು ನನಗೆ ಅರ್ಥವಾದದ್ದು ಇಟಲಿಯ ಟಸ್ಕನಿ ಪ್ರಾಂತ್ಯದ ಸೈಕಲ್ ದಾರಿಗಳಿಂದ. ಪರೀಕ್ಷೆ ಮುಗಿದ ವಾರ ಭಾಯ್ ತನ್ನ ಮೊಬೈಲಿನಲ್ಲಿ ಅಲ್ಲಿನ ಒಂದು ರೇಸಿನ ವಿಡಿಯೊ ತೋರಿಸಿದ. ಅಂದಿನಿಂದ ಆ ದಾರಿಗಳ ಬಗ್ಗೆ ಓದುತ್ತಾ ಹೋದೆ. ತಿಳಿದದ್ದನ್ನು ಪಾಠದ ರೂಪದಲ್ಲಿ ಇಲ್ಲಿ ಬರೆದಿದ್ದೇನೆ.

1. ಟಸ್ಕನಿಯ ನೆಲ ಹೇಗಿದೆ?

ಟಸ್ಕನಿ ಮಧ್ಯ ಇಟಲಿಯಲ್ಲಿದೆ. ಅದರ ರಾಜಧಾನಿ ಫ್ಲಾರೆನ್ಸ್. ಪ್ರಾಂತ್ಯದ ಸುಮಾರು ಮೂರನೇ ಎರಡು ಭಾಗ ಗುಡ್ಡಗಾಡು. ಸಮತಟ್ಟಾದ ನೆಲ ಹತ್ತನೇ ಒಂದು ಭಾಗವೂ ಇಲ್ಲ. ಹಳೆಯ ಕಾಲದಲ್ಲಿ ರಕ್ಷಣೆಗಾಗಿ ಊರುಗಳನ್ನು ಗುಡ್ಡದ ನೆತ್ತಿಯ ಮೇಲೆ ಕಟ್ಟಿದರು. ಆದ್ದರಿಂದ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಬೇಕಾದರೆ ಕಣಿವೆಗೆ ಇಳಿಯಬೇಕು, ಮತ್ತೆ ಹತ್ತಬೇಕು.

ಆಲ್ಪ್ಸ್ ಪರ್ವತದ ದಾರಿಗಳು ಬೇರೆ ತರಹ. ಉದಾಹರಣೆಗೆ, ಇಟಲಿಯ ಉತ್ತರದಲ್ಲಿರುವ ಸ್ಟೆಲ್ವಿಯೊ ಘಾಟಿ 2,757 ಮೀಟರ್ ಎತ್ತರದಲ್ಲಿದೆ. 1820ರ ದಶಕದಲ್ಲಿ ಎಂಜಿನಿಯರುಗಳು ಲೆಕ್ಕ ಹಾಕಿ ಕಟ್ಟಿದ ರಸ್ತೆ ಅದು. ಪ್ರಾತೊ ಎಂಬ ಊರಿನ ಕಡೆಯಿಂದ 48 ತಿರುವುಗಳಿವೆ. ಸುಮಾರು 24 ಕಿ.ಮೀ. ಉದ್ದಕ್ಕೂ ಏರು ಬಹುಮಟ್ಟಿಗೆ ಒಂದೇ ಸಮನಾಗಿರುತ್ತದೆ. ಸವಾರ ಒಂದು ಲಯ ಹಿಡಿದು ತುಳಿಯುತ್ತಾ ಹೋಗಬಹುದು. ಟಸ್ಕನಿಯ ಹಳ್ಳಿ ದಾರಿಗಳಲ್ಲಿ ಆ ಲಯ ಸಿಗುವುದಿಲ್ಲ. ಅಲ್ಲಿನ ಗುಡ್ಡಗಳು ಚಿಕ್ಕವು, ಆದರೆ ದಾರಿ ನೇರವಾಗಿ ಮೇಲಕ್ಕೆ ನುಗ್ಗುತ್ತದೆ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ.

2. ಏರನ್ನು ಅಳೆಯುವುದು ಹೇಗೆ?

ನಮಗೆ ಗೊತ್ತಿರುವ ಶೇಕಡಾ ಲೆಕ್ಕವೇ ಸಾಕು. 100 ಮೀಟರ್ ಮುಂದೆ ಹೋದಾಗ 5 ಮೀಟರ್ ಮೇಲಕ್ಕೆ ಹೋದರೆ ಅದು ಶೇ. 5ರ ಏರು. 16 ಮೀಟರ್ ಮೇಲಕ್ಕೆ ಹೋದರೆ ಶೇ. 16.

ಶೇ. 16 ಎಂದರೆ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ. ಬಡ್ಡಿ ದರ ಶೇ. 5ರಿಂದ 16ಕ್ಕೆ ಏರಿದರೆ ಸಾಲಗಾರನಿಗೆ ಏನಾಗುತ್ತದೋ, ಇಲ್ಲಿ ಸವಾರನಿಗೂ ಅದೇ ಆಗುತ್ತದೆ. ವಿಜ್ಞಾನ ವಿಭಾಗದ ಗೆಳೆಯನ ಸಹಾಯದಿಂದ ಲೆಕ್ಕ ಮಾಡಿದೆ. ಸವಾರ ಮತ್ತು ಸೈಕಲ್ ಸೇರಿ 75 ಕೆ.ಜಿ. ತೂಕ, ವೇಗ ಗಂಟೆಗೆ 10 ಕಿ.ಮೀ. ಎಂದುಕೊಳ್ಳೋಣ. ಭೂಮಿಯ ಸೆಳೆತವನ್ನು ಎದುರಿಸಲು ಮಾತ್ರವೇ ಶೇ. 5ರ ಏರಿನಲ್ಲಿ ಸುಮಾರು 100 ವ್ಯಾಟ್ ಶಕ್ತಿ ಬೇಕು. ಶೇ. 16ರಲ್ಲಿ ಸುಮಾರು 330 ವ್ಯಾಟ್ ಬೇಕು. ಅಭ್ಯಾಸವಿಲ್ಲದವರು ಅಲ್ಲಿ ಇಳಿದು ಸೈಕಲ್ ತಳ್ಳಬೇಕಾಗುತ್ತದೆ.

3. ಮೊದಲ ಉದಾಹರಣೆ: ಫಿಯೆಸೊಲೆ

2013ರ ವಿಶ್ವ ರಸ್ತೆ ಸೈಕಲ್ ಚಾಂಪಿಯನ್‌ಶಿಪ್ ಟಸ್ಕನಿಯಲ್ಲಿ ನಡೆಯಿತು. ಪುರುಷರ ರೇಸು ಲುಕ್ಕಾ ನಗರದಲ್ಲಿ ಆರಂಭವಾಗಿ ಫ್ಲಾರೆನ್ಸಿನಲ್ಲಿ ಮುಗಿಯಿತು. ಒಟ್ಟು 272 ಕಿ.ಮೀ. ಗೆದ್ದವರು ಪೋರ್ಚುಗಲ್ಲಿನ ರೂಯಿ ಕೋಸ್ತಾ. ಲುಕ್ಕಾ, ಫ್ಲಾರೆನ್ಸ್ ಎರಡೂ ತಗ್ಗಿನಲ್ಲಿರುವ ನಗರಗಳು. ಅವುಗಳ ಎತ್ತರದ ವ್ಯತ್ಯಾಸ 50 ಮೀಟರ್ ಕೂಡ ಇಲ್ಲ. ಆರಂಭ ಮತ್ತು ಕೊನೆಯನ್ನು ಮಾತ್ರ ನೋಡಿದವರು "ಚಪ್ಪಟೆ ದಾರಿ" ಎನ್ನುತ್ತಾರೆ.

ಆದರೆ ಕೊನೆಯಲ್ಲಿ ಫ್ಲಾರೆನ್ಸಿನ ಸುತ್ತ 10 ಸುತ್ತು ಹಾಕಬೇಕಿತ್ತು. ಪ್ರತಿ ಸುತ್ತಿನಲ್ಲೂ ಫಿಯೆಸೊಲೆ ಎಂಬ ಗುಡ್ಡದ ಊರಿಗೆ ಸುಮಾರು 4.4 ಕಿ.ಮೀ. ಏರು. ಸರಾಸರಿ ಶೇ. 5, ಅಂದರೆ ಸುಮಾರು 220 ಮೀಟರ್ ಎತ್ತರ. ಇಳಿದ ಮೇಲೆ ವಿಯಾ ಸಾಲ್ವಿಯಾತಿ ಎಂಬ ಬೀದಿ. ಅದು ಕೇವಲ 600 ಮೀಟರ್ ಉದ್ದ, ಆದರೆ ಸರಾಸರಿ ಶೇ. 10, ಅತಿ ಕಡಿದಾದ ಕಡೆ ಶೇ. 16. ಅಲ್ಲಿ ಇನ್ನೂ 60 ಮೀಟರ್. ಒಂದು ಸುತ್ತಿಗೆ 280, ಹತ್ತು ಸುತ್ತಿಗೆ 2,800 ಮೀಟರ್.

ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಇದನ್ನು ಬೇಗ ಹಿಡಿಯಬಹುದು. ಆರಂಭದ ಶಿಲ್ಕು ಮತ್ತು ಅಂತಿಮ ಶಿಲ್ಕು ಒಂದೇ ಇದ್ದ ಮಾತ್ರಕ್ಕೆ ವರ್ಷವಿಡೀ ವ್ಯವಹಾರವೇ ನಡೆದಿಲ್ಲ ಎನ್ನಲಾಗುವುದಿಲ್ಲ. ಖಾತೆಯ ಪುಟ ತೆರೆದು ಜಮಾ, ಖರ್ಚು ಎರಡನ್ನೂ ನೋಡಬೇಕು.

4. ಎರಡನೆಯ ಉದಾಹರಣೆ: ಬಿಳಿ ದಾರಿಗಳು

ಭಾಯ್ ತೋರಿಸಿದ ರೇಸಿನ ಹೆಸರು ಸ್ಟ್ರಾದೆ ಬಿಯಾಂಕೆ. ಇಟಾಲಿಯನ್ ಭಾಷೆಯಲ್ಲಿ ಬಿಳಿ ದಾರಿಗಳು ಎಂದರ್ಥ. ಸಿಯೆನಾ ನಗರದ ಸುತ್ತಲಿನ ಹೊಲ, ದ್ರಾಕ್ಷಿ ತೋಟಗಳ ನಡುವಿನ ಈ ದಾರಿಗಳಿಗೆ ಡಾಂಬರು ಇಲ್ಲ, ತಿಳಿಬಣ್ಣದ ಜಲ್ಲಿ ಮಾತ್ರ. ಇವುಗಳಿಗೆ ಡಾಂಬರು ಬೀಳದೆ ಉಳಿಯಲಿ ಎಂಬ ಆಸೆಯಿಂದ 1997ರಲ್ಲಿ ಗಯೋಲೆ ಎಂಬ ಊರಿನಲ್ಲಿ ಲೆರೋಯಿಕಾ ಎಂಬ ಸವಾರಿ ಶುರುವಾಯಿತು. ಅದರಲ್ಲಿ ಹಳೆಯ ಕಾಲದ ಸೈಕಲ್ಲುಗಳಿಗೆ ಮಾತ್ರ ಅವಕಾಶ. ಅದರ ಬೆನ್ನಿಗೆ 2007ರಲ್ಲಿ ವೃತ್ತಿಪರ ಸವಾರರ ರೇಸು ಬಂತು. 2015ರಿಂದ ಮಹಿಳೆಯರ ರೇಸೂ ನಡೆಯುತ್ತಿದೆ.

ಈಗ ಈ ರೇಸು ಸಿಯೆನಾದಲ್ಲಿ ಆರಂಭವಾಗಿ ಸಿಯೆನಾದಲ್ಲೇ ಮುಗಿಯುತ್ತದೆ. ಹೀಗಾಗಿ ಹತ್ತಿದ್ದರಲ್ಲಿ ಇಳಿದದ್ದನ್ನು ಕಳೆದರೆ ಉಳಿಯುವುದು ಹೆಚ್ಚುಕಡಿಮೆ ಸೊನ್ನೆ. ಆದರೆ ಸವಾರರು ಒಟ್ಟು ಹತ್ತುವ ಎತ್ತರ 3,000 ಮೀಟರಿಗೂ ಹೆಚ್ಚು. 2024ರ ರೇಸು 215 ಕಿ.ಮೀ. ಇತ್ತು, ಅದರಲ್ಲಿ ಸುಮಾರು 71 ಕಿ.ಮೀ. ಜಲ್ಲಿ ದಾರಿ. ಆ ವರ್ಷ ಸ್ಲೊವೇನಿಯಾದ ತದೇಯ್ ಪೊಗಾಚಾರ್ ಮೊಂತೆ ಸಾಂತೆ ಮರೀಯೆ ಎಂಬ 11 ಕಿ.ಮೀ.ಗೂ ಉದ್ದದ ಜಲ್ಲಿ ದಾರಿಯಲ್ಲಿ ಎಲ್ಲರನ್ನೂ ಬಿಟ್ಟು ಮುಂದೆ ಹೋದರು. ಉಳಿದ 81 ಕಿ.ಮೀ. ದಾರಿಯನ್ನು ಒಬ್ಬರೇ ತುಳಿದು ಗೆದ್ದರು.

ಜಲ್ಲಿಯ ಏರಿನಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಚಕ್ರಕ್ಕೆ ಹಿಡಿತ ತಪ್ಪಿ ಜಾರುತ್ತದೆ. ಸೀಟಿನ ಮೇಲೆ ಕುಳಿತೇ ತುಳಿಯಬೇಕು. ಲೆ ತೋಲ್ಫೆ ಎಂಬ ಕಡೆ ಕೊನೆಗೆ ಶೇ. 18ರವರೆಗೂ ಏರು ಇದೆ. ಇಳಿಯುವಾಗಲೂ ಜಲ್ಲಿಯಲ್ಲಿ ಮನಸ್ಸು ಬಂದಷ್ಟು ಜೋರಾಗಿ ಬಿಡುವಂತಿಲ್ಲ. ಕೊನೆಗೆ ಊರೊಳಗೆ ಸಾಂತಾ ಕತೆರೀನಾ ಎಂಬ ಇಕ್ಕಟ್ಟಾದ ಕಲ್ಲುಹಾಸಿನ ಬೀದಿ ಬರುತ್ತದೆ. ಅದು ಶೇ. 16ರ ಏರು. ಇಷ್ಟೆಲ್ಲ ಹತ್ತಿ ಬಂದವರಲ್ಲಿ ಯಾರ ಕಾಲಲ್ಲಿ ಶಕ್ತಿ ಉಳಿದಿದೆ ಎಂಬುದು ಅಲ್ಲಿ ತಿಳಿಯುತ್ತದೆ.

5. ಒಂದೇ ಸರಾಸರಿ, ಎರಡು ದಾರಿ

ಎರಡು ದಾರಿಗಳನ್ನು ಊಹಿಸಿಕೊಳ್ಳಿ. ಎರಡೂ 4 ಕಿ.ಮೀ. ಉದ್ದ. ಮೊದಲನೆಯದು ಉದ್ದಕ್ಕೂ ಶೇ. 5ರ ಏರು. ಎರಡನೆಯದರಲ್ಲಿ 3 ಕಿ.ಮೀ.ವರೆಗೆ ಶೇ. 2, ಕೊನೆಯ 1 ಕಿ.ಮೀ.ನಲ್ಲಿ ಶೇ. 14. ಎರಡನೆಯದರ ಎತ್ತರ 60 + 140 = 200 ಮೀಟರ್. ಮೊದಲನೆಯದೂ 200 ಮೀಟರ್. ಎರಡರ ಸರಾಸರಿಯೂ ಶೇ. 5. ಆದರೆ ಮೊದಲನೆಯದನ್ನು ನಮ್ಮಲ್ಲಿ ಹಲವರು ಹತ್ತಬಹುದು. ಎರಡನೆಯದರ ಕೊನೆಯಲ್ಲಿ ಹೆಚ್ಚಿನವರು ಸೈಕಲ್ಲಿನಿಂದ ಇಳಿಯಬೇಕಾಗುತ್ತದೆ. ಆದ್ದರಿಂದ ಸರಾಸರಿಯ ಜೊತೆಗೆ ಗರಿಷ್ಠ, ಕನಿಷ್ಠ ಮತ್ತು ವ್ಯಾಪ್ತಿಯನ್ನೂ ಕೇಳಬೇಕು. ಮೇಡಂ ತರಗತಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದರೋ, ನನಗೆ ತಲೆಗೆ ಹತ್ತಿದ್ದು ಈಗ.

6. ಮತ್ತೆ ಆ ಪ್ರಶ್ನೆಗೆ

ಈಗ ಪರೀಕ್ಷೆಯ ಪ್ರಶ್ನೆ ನೋಡೋಣ. 10 ಕಿ.ಮೀ. ಹತ್ತಲು 1 ಗಂಟೆ, ಅಂದರೆ 60 ನಿಮಿಷ. ಇಳಿಯಲು 15 ನಿಮಿಷ. 20 ಕಿ.ಮೀ.ಗೆ ಒಟ್ಟು 75 ನಿಮಿಷ. ಸರಾಸರಿ ವೇಗ ಗಂಟೆಗೆ 16 ಕಿ.ಮೀ., 25 ಅಲ್ಲ. ಇದೇ ಹರಾತ್ಮಕ ಮಾಧ್ಯ. ದೂರ ಎರಡು ಕಡೆಯೂ ಸಮ, ಆದರೆ ಸಮಯ ಸಮವಲ್ಲ. ಸವಾರ 75 ನಿಮಿಷಗಳಲ್ಲಿ 60 ನಿಮಿಷ ಏರಿನಲ್ಲೇ ಇದ್ದ. ಆದ್ದರಿಂದ ಏರಿನ ನಿಧಾನವೇ ಹೆಚ್ಚು ಭಾರವಾಗುತ್ತದೆ.

ಒಂದು ಹೆಜ್ಜೆ ಮುಂದೆ ಹೋಗೋಣ. ಅದೇ ಸವಾರ ಸರಾಸರಿ 20 ಕಿ.ಮೀ. ವೇಗ ಸಾಧಿಸಬೇಕಾದರೆ ಎಷ್ಟು ಜೋರಾಗಿ ಇಳಿಯಬೇಕು? 20 ಕಿ.ಮೀ. ದೂರಕ್ಕೆ ಅವನಿಗೆ ಸಿಗುವುದು ಒಂದೇ ಗಂಟೆ. ಆ ಒಂದು ಗಂಟೆ ಏರಿನಲ್ಲೇ ಮುಗಿದಿದೆ. ಇಳಿಯಲು ಒಂದು ಸೆಕೆಂಡೂ ಉಳಿದಿಲ್ಲ. ವಿಮಾನದ ವೇಗದಲ್ಲಿ ಇಳಿದರೂ ಅವನು 20 ಮುಟ್ಟಲಾರ.

ಈ ಸಾಲು ಬರೆದು ನಾನು ಪೆನ್ನು ಕೆಳಗಿಟ್ಟೆ. ಅಬ್ಬಾ ಜೂನ್‌ನಲ್ಲಿ ಹೇಳಿದ ಮಾತು ಇದೇ ಆಗಿತ್ತು. ಅವರು ಹರಾತ್ಮಕ ಮಾಧ್ಯ ಓದಿಲ್ಲ, ಆದರೆ ದಿನವೂ ಆ ಏರು ಹತ್ತುತ್ತಾರೆ. ಆ ರಾತ್ರಿ ನೋಟ್‌ಬುಕ್ ತೋರಿಸಿ, "ಅಬ್ಬಾ, ನೀವು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು" ಎಂದೆ. ಅವರು ಲೆಕ್ಕವನ್ನು ಪೂರ್ತಿ ನೋಡಿದರು. "ಎಷ್ಟು ಮಾರ್ಕ್ಸಿನ ಪ್ರಶ್ನೆ?" ಎಂದು ಕೇಳಿದರು. ನಾಲ್ಕು ಎಂದೆ. "ಮುಂದಿನ ಸಲ ಬಿಡಬೇಡ" ಎಂದು ನಕ್ಕರು.

ಗೆಳೆಯರೇ, ಒಬ್ಬರ ಒಟ್ಟು ಮೊತ್ತ ಅಥವಾ ಸರಾಸರಿ ನೋಡಿ ಅವರ ದಾರಿ ಸುಲಭ ಎಂದು ತೀರ್ಮಾನಿಸುವ ಮೊದಲು, ಅವರು ಎಲ್ಲೆಲ್ಲಿ ಹತ್ತಿದ್ದಾರೆ ಎಂದು ಒಮ್ಮೆ ಕೇಳೋಣ.

ನೀವೇ ಮಾಡಿ ನೋಡಿ

1) ಒಬ್ಬಳು ಒಂದು ಏರನ್ನು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹತ್ತಿ, 30 ಕಿ.ಮೀ. ವೇಗದಲ್ಲಿ ಇಳಿಯುತ್ತಾಳೆ. ಸರಾಸರಿ ವೇಗ ಎಷ್ಟು? (ಉತ್ತರ: 20 ಕಿ.ಮೀ.)

2) 5 ಕಿ.ಮೀ. ದಾರಿಯಲ್ಲಿ ಮೊದಲ 4 ಕಿ.ಮೀ. ಶೇ. 3ರ ಏರು, ಕೊನೆಯ 1 ಕಿ.ಮೀ. ಶೇ. 13ರ ಏರು. ಸರಾಸರಿ ಏರು ಎಷ್ಟು? (ಉತ್ತರ: ಶೇ. 5)

3) ನಿಮ್ಮ ಮನೆಯಿಂದ ಕಾಲೇಜಿಗೆ ಬರುವಾಗ ಮತ್ತು ಹೋಗುವಾಗ ಬೇಕಾಗುವ ನಿಮಿಷಗಳನ್ನು ಒಂದು ವಾರ ಬರೆದಿಡಿ. ಹೋಗಿ ಬರುವ ಸರಾಸರಿ ವೇಗವನ್ನು ಎರಡೂ ವಿಧಾನದಲ್ಲಿ ಕಂಡುಹಿಡಿದು ವ್ಯತ್ಯಾಸ ನೋಡಿ.