ಜೊತೆಗಾರ್ತಿ ಬಿಟ್ಟುಹೋದ ಮೇಲೆ

ಪುಟ್ಟಿ,

ಡಬಲ್ಸ್ ಜೊತೆಗಾರ್ತಿ ಬೇರೆಯವಳ ಜೊತೆ ಆಡಲು ಹೊರಟಳೆಂದು ನೀನು ರ‍್ಯಾಕೆಟ್ ಮುಟ್ಟದೆ ಕೂತಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಷಟಲ್ ಬಗ್ಗೆ ನಿನಗೆ ಬುದ್ಧಿ ಹೇಳುವಷ್ಟು ನನಗೆ ಗೊತ್ತಿಲ್ಲ. ಆದರೆ ಐಸ್ ಮೇಲೆ ಗಂಡು ಹೆಣ್ಣು ಜೋಡಿಯಾಗಿ ಮಾಡುವ ಫಿಗರ್ ಸ್ಕೇಟಿಂಗ್ ಇದೆಯಲ್ಲ, ಟಿವಿಯಲ್ಲಿ ಅದು ಬಂದಾಗಲೆಲ್ಲ ಊಟ ಮರೆತು ಕೂತವನು ನಿನ್ನಜ್ಜ. ಅದರಲ್ಲೊಬ್ಬಳ ವಿಷಯ ಹೇಳುತ್ತೇನೆ. ಒಪ್ಪಿದರೆ ತಗೋ, ಇಲ್ಲದಿದ್ದರೆ ಮುದುಕನ ಹರಟೆ ಅಂದುಕೋ.

ಅಲಿಯೋನಾ ಸಾವ್ಚೆಂಕೊ ಹುಟ್ಟಿದ್ದು 1984ರಲ್ಲಿ, ಉಕ್ರೇನಿನ ರಾಜಧಾನಿ ಕೀವ್‌ಗೆ ದಕ್ಷಿಣದಲ್ಲಿರುವ ಒಬುಖಿವ್ ಎಂಬ ಊರಿನಲ್ಲಿ. ಅಪ್ಪ ವೇಟ್‌ಲಿಫ್ಟರ್. ಹೆಪ್ಪುಗಟ್ಟಿದ ಕೆರೆಯ ಮೇಲೆ ಜಾರುತ್ತ ಕಲಿತ ಹುಡುಗಿ ಆಮೇಲೆ ಕೀವ್‌ನ ಕ್ಲಬ್ ಸೇರಿದಳು. 2000ದಲ್ಲಿ ಸ್ಟಾನಿಸ್ಲಾವ್ ಮೊರೊಜೊವ್ ಎಂಬ ಹುಡುಗನ ಜೊತೆ ವಿಶ್ವ ಜೂನಿಯರ್ ಚಾಂಪಿಯನ್ ಆದಾಗ ಅವಳಿಗೆ ಹದಿನಾರು. ಪಂದ್ಯ ನಡೆದದ್ದು ಜರ್ಮನಿಯ ಒಬರ್ಸ್ಟ್‌ಡೊರ್ಫ್‌ನಲ್ಲಿ. ಈ ಊರಿನ ಹೆಸರು ನೆನಪಿಟ್ಟುಕೋ. ಎರಡು ವರ್ಷಕ್ಕೆ ಸಾಲ್ಟ್ ಲೇಕ್ ಸಿಟಿಯ ಒಲಿಂಪಿಕ್ಸ್‌ಗೆ ಹೋದರು, ಹದಿನೈದನೆಯ ಸ್ಥಾನ ಬಂತು. ಅದೇ ವರ್ಷ ಜೋಡಿ ಮುರಿಯಿತು. ಹದಿನೆಂಟು ವರ್ಷದ ಹುಡುಗಿ, ಕೈಯಲ್ಲೊಂದು ಜೂನಿಯರ್ ಪದಕ, ಪಕ್ಕದಲ್ಲಿ ಯಾರೂ ಇಲ್ಲ.

ಸಿಂಗಲ್ಸ್‌ನಲ್ಲಿ ಸ್ಕೇಟ್ ಮಾಡುವವಳಿಗೆ ಈ ಕಷ್ಟ ಬರುವುದಿಲ್ಲ. ಜೋಡಿಯವರಿಗೆ ಒಬ್ಬರೇ ಅಭ್ಯಾಸ ಮಾಡುವುದೂ ಅರ್ಧಂಬರ್ಧ. ಲಿಫ್ಟ್ ಮಾಡಲು ಕೆಳಗೆ ಕೈ ಬೇಕು. ಡೆತ್ ಸ್ಪೈರಲ್ ಎಂಬುದೊಂದಿದೆ: ಅವನು ಒಂದು ಕಾಲಿನ ಬೆರಳ ತುದಿಯನ್ನು ಐಸ್‌ನಲ್ಲಿ ನೆಟ್ಟು ನಿಂತಲ್ಲೇ ತಿರುಗುತ್ತಾನೆ, ಅವಳು ಅವನ ಒಂದು ಕೈ ಹಿಡಿದು, ತಲೆ ಐಸ್‌ಗೆ ತಾಗುವಷ್ಟು ಕೆಳಗೆ ಮಲಗಿ ಅವನ ಸುತ್ತ ಸುತ್ತುತ್ತಾಳೆ. ಹಿಡಿತ ತಪ್ಪಿದರೆ ತಲೆಗೇ ಪೆಟ್ಟು. ಥ್ರೋ ಜಂಪ್ ಇನ್ನೊಂದು ಬಗೆ. ಅವನು ಅವಳನ್ನು ಎತ್ತಿ ದೂರಕ್ಕೆ ಎಸೆಯುತ್ತಾನೆ, ಅವಳು ಗಾಳಿಯಲ್ಲಿ ಮೂರು ಸುತ್ತು ತಿರುಗಿ ಹಿಮ್ಮುಖವಾಗಿ ಒಂದೇ ಕಾಲಿನ ಮೇಲೆ ಇಳಿಯಬೇಕು. ಎಸೆಯುವ ತನಕ ಇಬ್ಬರದ್ದು, ಇಳಿಯುವುದು ಅವಳೊಬ್ಬಳದ್ದೇ. ನಾನು ಮೊದಲು ಲಿಫ್ಟ್‌ಗಳನ್ನಷ್ಟೇ ಬೆರಗಾಗಿ ನೋಡುತ್ತಿದ್ದೆ. ಈಗ ಆ ಇಳಿಯುವ ಕಾಲನ್ನು ನೋಡುತ್ತೇನೆ.

2003ರಲ್ಲಿ ಅವಳು ಜರ್ಮನಿಯ ಕೆಮ್ನಿಟ್ಸ್‌ಗೆ ಹೊರಟಳು. ಅಲ್ಲಿ ಇಂಗೋ ಸ್ಟೊಯರ್ ಎಂಬ ಕೋಚ್, ಹಿಂದೆ ತಾನೇ ವಿಶ್ವ ಚಾಂಪಿಯನ್ ಆಗಿದ್ದವನು. ರಾಬಿನ್ ಶೊಲ್ಕೊವಿ ಎಂಬ ಸ್ಕೇಟರ್‌ಗೂ ಜೊತೆ ಬೇಕಿತ್ತು. ಊರು ಬೇರೆ, ಭಾಷೆ ಬೇರೆ, ಹುಡುಗ ಬೇರೆ. ಇಂಥವರ ಬಗ್ಗೆ ಪತ್ರಿಕೆಯವರು ‘ಛಲ ಬಿಡದವಳು’ ಎಂದು ಬರೆಯುತ್ತಾರೆ. ನನಗೆ ಆ ಮಾತು ಪೂರ್ತಿ ಹಿಡಿಸುವುದಿಲ್ಲ. ಬರೀ ಛಲವಿದ್ದವರು ಹಳೆಯದನ್ನೇ ಗಟ್ಟಿಯಾಗಿ ಹಿಡಿದು ಕೂರುತ್ತಾರೆ. ಇವಳು ವಿಶ್ವ ಜೂನಿಯರ್ ಚಾಂಪಿಯನ್ ಆಗಿದ್ದವಳು, ಹೊಸಬನ ಜೊತೆ ಮತ್ತೆ ಹೆಜ್ಜೆ ಕೂಡಿಸುವುದರಿಂದ ಶುರು ಮಾಡಲು ಒಪ್ಪಿಕೊಂಡಳು. ನೋಡು, ನಿನ್ನ ಸರ್ವಿಸು, ನಿನ್ನ ಮೊಣಕೈ, ನೆಟ್ ಹತ್ತಿರದ ನಿನ್ನ ಚುರುಕು, ಇವೆಲ್ಲ ಜಂಟಿ ಖಾತೆಯಲ್ಲಿಟ್ಟ ಹಣವಲ್ಲ, ನಿನ್ನ ಜೊತೆಗಾರ್ತಿ ಹೋಗುವಾಗ ಅರ್ಧ ಹಿಂಪಡೆಯಲು.

ಇನ್ನೊಂದು ಭಾಗ ನನಗೆ ಬಹಳ ರುಚಿಸಿತು, ಯಾಕೆಂದರೆ ನಾನು ಕಚೇರಿಯ ಕಡತಗಳ ನಡುವೆ ತಲೆ ನರೆಸಿಕೊಂಡವನು. ವಿಶ್ವ ಚಾಂಪಿಯನ್‌ಷಿಪ್‌ಗೆ ಜೋಡಿಯಲ್ಲಿ ಒಬ್ಬರು ಆ ದೇಶದವರಾಗಿದ್ದರೂ ನಡೆಯುತ್ತದೆ. ಒಲಿಂಪಿಕ್ಸ್‌ಗೆ ಇಬ್ಬರೂ ಅದೇ ದೇಶದ ಪೌರರಾಗಿರಬೇಕು. 2006ರ ಫೆಬ್ರವರಿಗೆ ಟೂರಿನ್ ಒಲಿಂಪಿಕ್ಸ್, ಇವಳಿಗೆ ಜರ್ಮನ್ ಪೌರತ್ವ ಸಿಕ್ಕಿದ್ದು 2005ರ ವರ್ಷ ಮುಗಿಯುತ್ತಿದ್ದಾಗ. ಅಭ್ಯಾಸದ ಜೊತೆಗೆ ಅರ್ಜಿ, ಮೊಹರು, ಕಾಯುವಿಕೆ. ಅಲ್ಲಿ ಆರನೆಯ ಸ್ಥಾನ ಬಂತು. ಆಮೇಲೆ 2008, 2009, 2011, 2012, 2014, ಐದು ಸಲ ವಿಶ್ವ ಚಾಂಪಿಯನ್. ಒಲಿಂಪಿಕ್ಸ್‌ನಲ್ಲಿ ಮಾತ್ರ ವ್ಯಾಂಕೂವರ್‌ನಲ್ಲೂ ಕಂಚು, ಸೋಚಿಯಲ್ಲೂ ಕಂಚು. ಆಮೇಲೆ ಶೊಲ್ಕೊವಿ ನಿವೃತ್ತನಾದ. ಅವಳಿಗೆ ಮೂವತ್ತು.

ಮೊರೊಜೊವ್ ಏನಾದ ಅಂತ ಕೇಳು. ಅವನು ತಟಿಯಾನಾ ವೊಲೊಸೊಜಾರ್ ಎಂಬ ಇನ್ನೊಬ್ಬ ಉಕ್ರೇನಿನ ಹುಡುಗಿಯ ಜೊತೆ ಎರಡು ಒಲಿಂಪಿಕ್ಸ್ ಆಡಿದ. 2008ರಿಂದ ಅವರಿಬ್ಬರೂ ಅದೇ ಕೆಮ್ನಿಟ್ಸ್‌ಗೆ, ಅದೇ ಸ್ಟೊಯರ್ ಹತ್ತಿರ ಬಂದರು! ಹಳೆಯ ಜೊತೆಗಾರ ದಿನಾ ಅದೇ ರಿಂಕ್‌ನಲ್ಲಿ ಎದುರಾದರೆ ಹೇಗಿರುತ್ತೆ, ಯೋಚನೆ ಮಾಡು. ಮುಂದೆ ಅವನು ಆಟ ನಿಲ್ಲಿಸಿ ಕೋಚ್ ಆದ, ವೊಲೊಸೊಜಾರ್ ರಷ್ಯಾಕ್ಕೆ ಹೋಗಿ ಅಲ್ಲಿನ ಹುಡುಗನ ಜೊತೆ ಸೋಚಿಯಲ್ಲಿ ಚಿನ್ನ ಗೆದ್ದಳು. ಅವರ ಕೋಚ್‌ಗಳಲ್ಲಿ ಮೊರೊಜೊವ್ ಒಬ್ಬ. ಅದೇ ವೇದಿಕೆಯಲ್ಲಿ ಕಂಚು ಹಾಕಿಕೊಂಡು ನಿಂತವಳು ಸಾವ್ಚೆಂಕೊ. ಅದಾಗಿ ಕೆಲವೇ ವಾರಕ್ಕೆ ರಷ್ಯಾ ಕ್ರೈಮಿಯಾವನ್ನು ವಶಪಡಿಸಿಕೊಂಡಿತು, ಯಾರು ಯಾವ ದೇಶಕ್ಕೆ ಆಡಿದರು ಎಂಬ ಮಾತಿಗೆ ಬೇರೆಯೇ ಭಾರ ಬಂತು. 2022ರ ಫೆಬ್ರವರಿಯಲ್ಲಿ ಬೀಜಿಂಗ್ ಒಲಿಂಪಿಕ್ಸ್ ಮುಗಿದು ನಾಲ್ಕೇ ದಿನಕ್ಕೆ ಯುದ್ಧ. ಈಗಿನ ಉಕ್ರೇನಿನ ಮಕ್ಕಳು ಊರು ಬಿಟ್ಟರೆ ಅದು ಒಳ್ಳೆಯ ಜೊತೆಗಾರ ಬೇಕೆಂಬ ಕಾರಣಕ್ಕಷ್ಟೇ ಆಗಿರುವುದಿಲ್ಲ. ಅವರ ಮುಂದೆ ನಮ್ಮ ಮನೆಯ ಮುನಿಸು ಎಷ್ಟರದ್ದು ಅಂತ ನಾನು ಹೇಳಹೊರಟಿಲ್ಲ, ನಿನ್ನ ನೋವು ನಿನಗೆ ದೊಡ್ಡದೇ. ಬಿಟ್ಟುಹೋದವಳನ್ನು ಶತ್ರು ಮಾಡಿಕೊಳ್ಳಬೇಡ ಅಂತಷ್ಟೇ. ನಾಳೆ ಅವಳು ನಿನ್ನದೇ ಅಕಾಡೆಮಿಯಲ್ಲಿ ಪಕ್ಕದ ಕೋರ್ಟ್‌ನಲ್ಲಿರುತ್ತಾಳೆ.

ಮೂವತ್ತಕ್ಕೆ ಸಾವ್ಚೆಂಕೊ ಮತ್ತೆ ಹುಡುಕಿದಳು. ಸಿಕ್ಕವನು ಫ್ರಾನ್ಸ್‌ನ ಬ್ರೂನೋ ಮಾಸೊ, ಅವಳಿಗಿಂತ ಐದು ವರ್ಷ ಚಿಕ್ಕವನು, ದೊಡ್ಡ ಪದಕ ಯಾವುದೂ ಇಲ್ಲದವನು. ಅವಳು ಐದು ಸಲದ ವಿಶ್ವ ಚಾಂಪಿಯನ್! ಅವನ ಫೆಡರೇಷನ್ ಎನ್‌ಓಸಿ ಕೊಡಲು ಸತಾಯಿಸಿತು. 2014ರಲ್ಲಿ ಜೊತೆಯಾದವರು 2015ರ ಕೊನೆಯವರೆಗೆ ಸ್ಪರ್ಧೆಗೆ ಇಳಿಯುವಂತಿರಲಿಲ್ಲ. ಕೊನೆಗೆ 30,000 ಯೂರೋ ಕಟ್ಟಬೇಕಾಯಿತು. ಆಮೇಲೆ ಅವನ ಪೌರತ್ವ, ಅದಕ್ಕೆ ಜರ್ಮನ್ ಭಾಷೆಯ ಪರೀಕ್ಷೆ. ಎಲ್ಲ ಮುಗಿದದ್ದು 2017ರ ಕೊನೆಗೆ. ಅಷ್ಟರಲ್ಲಿ ಒಬರ್ಸ್ಟ್‌ಡೊರ್ಫ್‌ನಲ್ಲಿ, ಹೌದು ಅದೇ ಊರು, ಅಲೆಕ್ಸಾಂಡರ್ ಕೋನಿಗ್ ಎಂಬ ಕೋಚ್ ಹತ್ತಿರ ಅಭ್ಯಾಸ.

2018, ಪ್ಯೊಂಗ್‌ಚಾಂಗ್. ಅವಳ ಐದನೆಯ ಒಲಿಂಪಿಕ್ಸ್. ಮೊದಲ ದಿನದ ಶಾರ್ಟ್ ಪ್ರೋಗ್ರಾಂನಲ್ಲಿ ಮಾಸೊ ಮೂರು ಸುತ್ತಿನ ಜಂಪನ್ನು ಎರಡೇ ಸುತ್ತಿಗೆ ಮುಗಿಸಿದ. ನಾಲ್ಕನೆಯ ಸ್ಥಾನ, ಮೊದಲಿದ್ದ ಚೀನಾ ಜೋಡಿಗಿಂತ 5.80 ಅಂಕ ಹಿಂದೆ. ನಾನು ಯಾವಾಗಲೂ ನಿಲ್ಲುವುದು ಈ ರಾತ್ರಿಯ ಹತ್ತಿರ. ಹದಿನಾರು ವರ್ಷದಿಂದ ಕಾಯುತ್ತಿರುವವಳು, ತಪ್ಪು ಅವನದು. ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೇನು ಗೊತ್ತು? ಆದರೆ ಅವಳು ಅವನ ಮೇಲಿನ ನಂಬಿಕೆ ಬಿಟ್ಟಿದ್ದರೆ ಮಾರನೆಯ ದಿನ ಅವನ ಕೈಯಿಂದ ಎಸೆಸಿಕೊಂಡು ಹಾಗೆ ಇಳಿಯಲು ಆಗುತ್ತಿರಲಿಲ್ಲ, ಅದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಫ್ರೀ ಸ್ಕೇಟ್‌ನಲ್ಲಿ 159.31 ಅಂಕ, ಆಗಿನ ವಿಶ್ವದಾಖಲೆ. ಆಮೇಲೆ ಉಳಿದ ಮೂರು ಜೋಡಿಗಳು ಮುಗಿಸುವ ತನಕ ಕೂತು ಕಾದರು. ಒಟ್ಟು 235.90, ಚೀನಾದವರಿಗೆ 235.47. ಜೋಡಿ ಸ್ಕೇಟಿಂಗ್‌ನಲ್ಲಿ ಜರ್ಮನಿಗೆ 1952ರ ನಂತರದ ಮೊದಲ ಒಲಿಂಪಿಕ್ ಚಿನ್ನ. ಅವಳಿಗೆ ಮೂವತ್ತನಾಲ್ಕು.

ನಿನಗೆ ಹದಿನೇಳು. ಅಕಾಡೆಮಿಯ ಕೋಚ್ ಒಬ್ಬ ಹೊಸ ಹುಡುಗಿಯ ಹೆಸರು ಹೇಳಿದ್ದಾರಂತೆ, ಅವಳು ನಿನ್ನಷ್ಟು ಗೆದ್ದಿಲ್ಲ ಅಂತ ನೀನು ಮೂಗು ಮುರಿದೆಯಂತೆ. ಭಾನುವಾರದೊಳಗೆ ನೀನೇ ಅವಳಿಗೆ ಫೋನ್ ಮಾಡು. ಕೋಚ್ ಮಾಡಲಿ ಅಂತ ಕಾಯಬೇಡ. ಒಂದಷ್ಟು ದಿನ ಒಟ್ಟಿಗೆ ಆಡಿ ನೋಡಿ, ಹೊಂದದಿದ್ದರೆ ಇಬ್ಬರೂ ನೇರವಾಗಿ ಹೇಳಿಬಿಡಿ. ಮೊದಲ ಪಂದ್ಯದಲ್ಲಿ ಅವಳು ಸರ್ವಿಸ್ ಬಲೆಗೆ ಹೊಡೆದಾಗ ಹಳೆಯ ಜೊತೆಗಾರ್ತಿಯ ಹೆಸರು ಬಾಯಿಗೆ ತರಬೇಡ. ಅಸೋಸಿಯೇಷನ್‌ಗೆ ಏನಾದರೂ ಅರ್ಜಿ ಕೊಡುವುದಿದ್ದರೆ ನನಗೆ ಕಳಿಸು, ಒಕ್ಕಣೆ ನಾನು ಬರೆದುಕೊಡುತ್ತೇನೆ. ಇಷ್ಟು ವರ್ಷ ಮಾಡಿದ ಕೆಲಸ ಅದೊಂದೇ ತಾನೆ.

ನಿನ್ನ ಅಜ್ಜ